ಲೋಹ ಕರಗಿಸುವ ಮುನ್ನ: ಕರಗುವ ಬಿಂದುವನ್ನು ಓದುವುದು, ಅಳೆಯುವುದು, ಬಳಸುವುದು

"ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ ಅಂತ ಓದಿದ್ದೇನೆ. ಕುಲುಮೆ 680 ತೋರಿಸುತ್ತಿದೆ, ಲೋಹ ಇನ್ನೂ ಗಟ್ಟಿಯಾಗೇ ಇದೆ. ಯಾಕೆ?" "ಗ್ಯಾಸ್ ಒಲೆಯ ಉರಿ 1900 ಡಿಗ್ರಿ ಅಂತಾರೆ. ಹಾಗಾದರೆ ಅದರ ಮೇಲಿಟ್ಟ ಕಬ್ಬಿಣದ ಕಾವಲಿ ಯಾಕೆ ಕರಗೋದಿಲ್ಲ?" ಹಿತ್ತಲಲ್ಲಿ ಸಣ್ಣ ಕುಲುಮೆ ಕಟ್ಟಿಕೊಂಡು ಎರಕ ಕಲಿಯಲು ಹೊರಟವರು, ಕಾಲೇಜಿನ ಪ್ರಾಜೆಕ್ಟ್ ಮಾಡುವವರು, ಸೋಲ್ಡರಿಂಗ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೋಷ್ಟಕದಲ್ಲಿರುವ ಅಂಕಿ ಸರಿಯಾಗೇ ಇರುತ್ತದೆ. ಆದರೆ ಅದು ಒಂದೇ ಒಂದು ಪ್ರಶ್ನೆಗೆ ಉತ್ತರ: ಶುದ್ಧ ಲೋಹದ ಗಟ್ಟಿ ಮತ್ತು ದ್ರವ ಎರಡೂ ಯಾವ ತಾಪಮಾನದಲ್ಲಿ ಒಟ್ಟಿಗೆ ಇರಬಲ್ಲವು? ಎಷ್ಟು ಶಾಖ ಬೇಕು, ಲೋಹದಲ್ಲಿ ಬೇರೇನು ಬೆರೆತಿದೆ, ಪಾತ್ರೆ ತಡೆಯುತ್ತದೆಯೇ, ಯಾವುದು ಹೊಗೆಯಾಗಿ ಹಾರಿಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅವನ್ನೆಲ್ಲ ಕೆಲಸದ ಕ್ರಮದಲ್ಲೇ ನೋಡೋಣ.

ಮೊದಲು ಅಂಕಿಗಳು

ಶುದ್ಧ ಲೋಹಗಳ ಕರಗುವ ಬಿಂದು, ಡಿಗ್ರಿ ಸೆಲ್ಸಿಯಸ್‌ನಲ್ಲಿ:

ಪಾದರಸ −38.8
ಗ್ಯಾಲಿಯಂ 29.8
ಸೋಡಿಯಂ 97.8
ತವರ 231.9
ಸೀಸ 327.5
ಸತು 419.5
ಮೆಗ್ನೀಸಿಯಂ 650
ಅಲ್ಯೂಮಿನಿಯಂ 660.3
ಬೆಳ್ಳಿ 961.8
ಚಿನ್ನ 1064.2
ತಾಮ್ರ 1084.6
ನಿಕ್ಕಲ್ 1455
ಕಬ್ಬಿಣ 1538
ಟೈಟಾನಿಯಂ 1668
ಪ್ಲಾಟಿನಂ 1768
ಟಂಗ್‌ಸ್ಟನ್ 3422

ಇವುಗಳಲ್ಲಿ ತವರ, ಸತು, ಅಲ್ಯೂಮಿನಿಯಂ, ಬೆಳ್ಳಿ, ಚಿನ್ನ, ತಾಮ್ರ ಈ ಆರಕ್ಕೆ ವಿಶೇಷ ಸ್ಥಾನವಿದೆ. ಜಗತ್ತಿನ ಪ್ರಯೋಗಾಲಯಗಳು ಇವತ್ತು ಅನುಸರಿಸುವ 1990ರ ಅಂತಾರಾಷ್ಟ್ರೀಯ ತಾಪಮಾನ ಮಾಪಕ, ಅಂದರೆ ಐಟಿಎಸ್-90, ಈ ಲೋಹಗಳು ಹೆಪ್ಪುಗಟ್ಟುವ ಬಿಂದುಗಳನ್ನೇ ಮೈಲಿಗಲ್ಲುಗಳಾಗಿ ಇಟ್ಟುಕೊಂಡಿದೆ. ಅಂದರೆ ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡುವುದು ಲೋಹವನ್ನು ಹಿಡಿದು. ಇದೇ ಉಪಾಯ ನಿಮ್ಮ ಹಿತ್ತಲಿಗೂ ಒದಗುತ್ತದೆ. ಎರಡನೇ ಹಂತದಲ್ಲಿ ಬಳಸುತ್ತೇವೆ.

ಇಷ್ಟು ವ್ಯತ್ಯಾಸ ಯಾಕೆ?

ಗಟ್ಟಿ ಲೋಹದೊಳಗೆ ಪರಮಾಣುಗಳು ಅಂಗಡಿಯಲ್ಲಿ ಗೋಪುರ ಕಟ್ಟಿದ ಕಿತ್ತಳೆಹಣ್ಣಿನ ಹಾಗೆ ಸಾಲುಸಾಲಾಗಿ ಕೂತಿರುತ್ತವೆ. ಪ್ರತಿಯೊಂದೂ ತನ್ನ ಹೊರಗಿನ ಕೆಲವು ಎಲೆಕ್ಟ್ರಾನುಗಳನ್ನು ಎಲ್ಲರ ಪಾಲಿಗೆ ಬಿಟ್ಟುಕೊಟ್ಟಿರುತ್ತದೆ. ಹೀಗೆ ಹಂಚಿಕೊಂಡ ಎಲೆಕ್ಟ್ರಾನುಗಳೇ ಪರಮಾಣುಗಳನ್ನು ಹಿಡಿದಿಡುವ ಅಂಟು. ಕಾಯಿಸಿದಂತೆ ಪರಮಾಣುಗಳು ನಿಂತಲ್ಲೇ ಕಂಪಿಸುತ್ತವೆ. ಕಂಪನದ ಹರವು ಅಕ್ಕಪಕ್ಕದ ಪರಮಾಣುಗಳ ಅಂತರದ ಸುಮಾರು ಹತ್ತನೇ ಒಂದು ಭಾಗ ಮುಟ್ಟಿದಾಗ ಜೋಡಣೆ ಕುಸಿದು ದ್ರವವಾಗುತ್ತದೆ. 1910ರಲ್ಲಿ ಲಿಂಡೆಮನ್ ಶುರುಮಾಡಿದ ಲೆಕ್ಕದಿಂದ ಬೆಳೆದು ಬಂದ ಅಂದಾಜು ಇದು. ಒರಟು ಅಂದಾಜೇ ಆದರೂ ಬಹುತೇಕ ಲೋಹಗಳಿಗೆ ಒಪ್ಪುತ್ತದೆ.

ಅಂಟು ಎಷ್ಟು ಬಿಗಿ ಎಂಬುದು ಹಂಚಿಕೆಗೆ ಎಷ್ಟು ಎಲೆಕ್ಟ್ರಾನು ಸಿಕ್ಕವು ಎಂಬುದರ ಮೇಲೆ ನಿಂತಿದೆ. ಆವರ್ತ ಕೋಷ್ಟಕದ ನಾಲ್ಕನೇ ಸಾಲನ್ನು ಎಡದಿಂದ ಬಲಕ್ಕೆ ಓದಿ ನೋಡಿ. ಪೊಟ್ಯಾಸಿಯಂ 63, ಕ್ಯಾಲ್ಸಿಯಂ 842, ಸ್ಕ್ಯಾಂಡಿಯಂ 1541, ಟೈಟಾನಿಯಂ 1668, ವನೇಡಿಯಂ 1910, ಕ್ರೋಮಿಯಂ 1907. ಅಲ್ಲಿಂದ ಇಳಿಜಾರು: ಕಬ್ಬಿಣ 1538, ನಿಕ್ಕಲ್ 1455, ತಾಮ್ರ 1085, ಸತು 419.5. ಮಧ್ಯದ ಲೋಹಗಳಲ್ಲಿ ಡಿ-ಎಲೆಕ್ಟ್ರಾನುಗಳು ಎಂಬ ಒಳಪದರದವೂ ಅಂಟಿಗೆ ಸೇರಿಕೊಳ್ಳುತ್ತವೆ. ಆ ಪದರ ಅರ್ಧ ತುಂಬುವ ಹೊತ್ತಿಗೆ ಹಿಡಿತ ಅತಿ ಬಿಗಿಯಾಗಿರುತ್ತದೆ. ಸತುವಿಗೆ ಬರುವಷ್ಟರಲ್ಲಿ ಪದರ ಪೂರ್ತಿ ತುಂಬಿ, ಹಂಚಿಕೆಗೆ ಒದಗುವುದೇ ಇಲ್ಲ. ಎರಡು ಸಾಲು ಕೆಳಗೆ ಇದೇ ನಡುಭಾಗದಲ್ಲಿ ಟಂಗ್‌ಸ್ಟನ್ ಇದೆ. ಅದನ್ನು ಕರಗಿಸಿ ಎರಕ ಹೊಯ್ಯೋಣ ಎಂದರೆ ಆ ಬಿಸಿ ತಡೆಯುವ ಮೂಸೆಯೇ (ಲೋಹ ಕರಗಿಸುವ ಪಾತ್ರೆ) ಸಿಗುವುದಿಲ್ಲ. ಹಾಗಾಗಿ ಹಳೆಯ ಬಲ್ಬಿನ ತಂತಿಯನ್ನು ಪುಡಿ ಒತ್ತಿ, ಕರಗಿಸದೆಯೇ ಕಾಯಿಸಿ ಗಟ್ಟಿ ಮಾಡಿ, ನಂತರ ಎಳೆಯುತ್ತಿದ್ದರು.

ಸಾಲು ತಪ್ಪಿದವೂ ಇವೆ. ಮ್ಯಾಂಗನೀಸ್ 1246ಕ್ಕೇ ಕರಗುತ್ತದೆ, ಅದರ ಜೋಡಣೆ ಬಲು ಗೋಜಲು. ಚಿನ್ನ, ಪಾದರಸ ಎರಡೂ ಆವರ್ತ ಕೋಷ್ಟಕದಲ್ಲಿ ಪಕ್ಕಪಕ್ಕದ ಮನೆಯವು, 79 ಮತ್ತು 80. ಆದರೂ ನಡುವೆ 1100 ಡಿಗ್ರಿ ಅಂತರ! ಅಷ್ಟು ಭಾರದ ಪರಮಾಣುವಿನ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೂ ಮೀರಿ ಓಡುತ್ತವೆ. ಸಾಪೇಕ್ಷತಾ ಸಿದ್ಧಾಂತದ ಪರಿಣಾಮವಾಗಿ ಹೊರಪದರ ಒಳಕ್ಕೆ ಕುಗ್ಗಿ, ಪಾದರಸ ತನ್ನ ಎಲೆಕ್ಟ್ರಾನುಗಳನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಈ ಪರಿಣಾಮವೊಂದರಿಂದಲೇ ಕರಗುವ ಬಿಂದು ನೂರು ಡಿಗ್ರಿಗೂ ಹೆಚ್ಚು ಇಳಿದಿದೆ ಎಂದು 2013ರ ಗಣಕ ಲೆಕ್ಕಾಚಾರವೊಂದು ತೋರಿಸಿತು.

ಇಲ್ಲೊಂದು ಎಚ್ಚರಿಕೆ. ಬೇಗ ಕರಗುವ ಲೋಹ ಬೇಗ ಆವಿಯಾಗುತ್ತದೆ ಎಂದುಕೊಳ್ಳಬೇಡಿ. ತವರ 232ಕ್ಕೆ ಕರಗಿದರೂ ಕುದಿಯಲು ಸುಮಾರು 2600 ಬೇಕು. ಸತು 419.5ಕ್ಕೆ ಕರಗಿ 907ಕ್ಕೇ ಕುದಿಯುತ್ತದೆ. ಕರಗುವಾಗ ಪರಮಾಣುಗಳು ಬಿಟ್ಟು ಹೋಗುವುದಿಲ್ಲ, ಸಾಲು ಮಾತ್ರ ಮುರಿಯುತ್ತದೆ. ಕುದಿಯುವಾಗ ಪೂರ್ತಿ ಬಿಡಿಸಿಕೊಂಡು ಹೋಗುತ್ತವೆ. ಕುಲುಮೆಯಲ್ಲಿ ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ್ದು ಈ ಎರಡನೇ ಅಂಕಿ.

ಬೇಕಾದ ಸಾಮಾನು

ಕೆ-ಟೈಪ್ ಥರ್ಮೋಕಪಲ್ (ಎರಡು ಬಗೆಯ ತಂತಿ ಬೆಸೆದ ತುದಿಯಿಂದ ತಾಪಮಾನ ಅಳೆಯುವ ಸಾಧನ), ಸ್ಟೀಲ್ ಕವಚ ಇರುವಂಥದ್ದು, ಜೊತೆಗೆ ಮೀಟರ್. ಬರಿ ತಂತಿಯ ತುದಿಯನ್ನು ದ್ರವಲೋಹದಲ್ಲಿ ಅದ್ದಿದರೆ ತುದಿಯೇ ಲೋಹದಲ್ಲಿ ಬೆರೆತು ಹಾಳಾಗುತ್ತದೆ. ಪಿಸ್ತೂಲಿನಂತೆ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಂಬಬೇಡಿ. ಹೊಳೆಯುವ ಲೋಹ ತನ್ನ ತಾಪಮಾನಕ್ಕೆ ತಕ್ಕಷ್ಟು ವಿಕಿರಣ ಹೊರಬಿಡುವುದಿಲ್ಲ. 700 ಡಿಗ್ರಿಯ ಅಲ್ಯೂಮಿನಿಯಂ ಮೇಲೆ ಅದು ನೂರಾರು ಡಿಗ್ರಿ ಕಡಿಮೆ ತೋರಿಸುತ್ತದೆ.

ಜೇಡಿ-ಗ್ರಾಫೈಟ್ ಅಥವಾ ಸಿಲಿಕಾನ್ ಕಾರ್ಬೈಡ್ ಮೂಸೆ, ಅದರ ಹೊಟ್ಟೆಗೆ ಸರಿಹೊಂದುವ ಇಕ್ಕಳ, ಕಿಟ್ಟ (ಕರಗಿದ ಲೋಹದ ಮೇಲೆ ಕೂಡುವ ಕಸ) ತೆಗೆಯಲು ಉದ್ದ ಹಿಡಿಯ ಉಕ್ಕಿನ ಸೌಟು, ಬೆಂಕಿ ಇಟ್ಟಿಗೆಯ ಕುಲುಮೆ, ಇದ್ದಿಲು ಮತ್ತು ಬ್ಲೋವರ್ ಅಥವಾ ಗ್ಯಾಸ್ ಬರ್ನರ್. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್, ಚರ್ಮದ ಕೈಗವಸು, ಚರ್ಮದ ಬೂಟು, ದಪ್ಪ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟನ್ನು ಬೂಟಿನ ಒಳಕ್ಕೆ ಸೇರಿಸಬೇಡಿ, ಮೇಲೆ ಬಿಡಿ.

ಕುಲುಮೆಯ ಸುತ್ತ ನೆಲಕ್ಕೆ ಒಣ ಮರಳನ್ನು ಮೂರು ಬೆರಳು ದಪ್ಪ ಹಾಸಿ. ಸಿಮೆಂಟ್ ನೆಲದಲ್ಲಿ ತೇವ ಅಡಗಿರುತ್ತದೆ; ದ್ರವಲೋಹ ಚೆಲ್ಲಿದರೆ ಆ ತೇವ ಆವಿಯಾಗಿ ನೆಲದ ಚೂರನ್ನೂ ಲೋಹವನ್ನೂ ಸಿಡಿಸುತ್ತದೆ. ಪಕ್ಕದಲ್ಲಿ ಇರಬೇಕಾದ್ದು ಒಣ ಮರಳಿನ ಬಕೆಟ್. ನೀರಿನ ಬಕೆಟ್ ಹತ್ತಿರವೂ ಸುಳಿಯಬಾರದು.

ಹಂತ 1: ಕೈಯಲ್ಲಿರುವ ಲೋಹ ಯಾವುದು?

ಗುಜರಿಯಿಂದ ತಂದ ತುಂಡಿನ ಗುರುತು ಹಿಡಿಯದೆ ಒಲೆಗೆ ಹಾಕಬೇಡಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತುಂಡನ್ನು ತೂಗಿ ಬರೆದುಕೊಳ್ಳಿ. ನಂತರ ಒಂದು ಪಾತ್ರೆಯಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ತುಂಡನ್ನು ದಾರಕ್ಕೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ, ಪೂರ್ತಿ ಮುಳುಗುವಂತೆ ಕೈಯಲ್ಲಿ ಹಿಡಿದಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ತುಂಡಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಅದರಿಂದ ಭಾಗಿಸಿ. 270 ಗ್ರಾಂ ತುಂಡು 100 ತೋರಿಸಿದರೆ ಸಾಂದ್ರತೆ 2.7, ಅಲ್ಯೂಮಿನಿಯಂ. ಮೆಗ್ನೀಸಿಯಂ 1.7, ಸತು 7.1, ತವರ 7.3, ಕಬ್ಬಿಣ 7.9, ಹಿತ್ತಾಳೆ 8.4ರಿಂದ 8.7, ತಾಮ್ರ 9ರ ಹತ್ತಿರ, ಸೀಸ 11.3. ಟೊಳ್ಳು ಭಾಗದಲ್ಲಿ ಗಾಳಿ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ, ನೀರಿನೊಳಗೆ ಅಲ್ಲಾಡಿಸಿ ಗುಳ್ಳೆ ಬಿಡಿಸಿ.

ಅತಿ ಅಪಾಯದ ಗೊಂದಲ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ನಡುವಿನದು. ಎರಡೂ ಬೆಳ್ಳಗೆ, ಹಗುರ, ಕರಗುವ ಬಿಂದುವೂ ಹತ್ತು ಡಿಗ್ರಿ ಆಚೆ ಈಚೆ. ಆದರೆ ಕರಗಿದ ಮೆಗ್ನೀಸಿಯಂ ಗಾಳಿಗೇ ಹೊತ್ತಿಕೊಂಡು ಕಣ್ಣು ಕೋರೈಸುವಂತೆ ಉರಿಯುತ್ತದೆ, ನೀರು ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಅರದಿಂದ ಒಂದು ಜಾಗ ಉಜ್ಜಿ ಎರಡು ಹನಿ ವಿನೆಗರ್ ಹಾಕಿ. ನೊರೆನೊರೆಯಾಗಿ ಗುಳ್ಳೆ ಎದ್ದರೆ ಮೆಗ್ನೀಸಿಯಂ, ಪಕ್ಕಕ್ಕಿಡಿ.

ಮುಚ್ಚಿದ ಡಬ್ಬಿ, ಶಾಕ್ ಅಬ್ಸಾರ್ಬರ್, ಒಳಗೆ ಎಣ್ಣೆ ಅಥವಾ ಗಾಳಿ ಸಿಕ್ಕಿಕೊಂಡ ಯಾವ ಭಾಗವೂ ಬೇಡ. ಸತು (ಜಿಂಕ್) ಲೇಪಿಸಿದ ಕಬ್ಬಿಣವೂ ಬೇಡ.

ಹಂತ 2: ತವರದಿಂದ ಶುರು, ಮೀಟರಿನ ಪರೀಕ್ಷೆಗೆ

ಥರ್ಮೋಕಪಲ್ ತಂದವರು ಮೊದಲು ಮಾಡುವುದು ಅದನ್ನು ಕುದಿಯುವ ನೀರಿಗೆ ಅದ್ದಿ 100 ಬಂತೇ ಎಂದು ನೋಡುವುದು. ಬೆಂಗಳೂರಿನಲ್ಲಿ ಬರುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ, ಮಂಗಳೂರಿನಲ್ಲಿ 100. ಮೀಟರ್ ಕೆಟ್ಟಿದೆ ಎಂದು ವಾಪಸ್ ಕೊಟ್ಟು ಬರಬೇಡಿ. ಲೋಹ ಹೆಪ್ಪುಗಟ್ಟುವ ಬಿಂದುವಿಗೆ ಊರಿನ ಎತ್ತರದ ಹಂಗಿಲ್ಲ, ಗಾಳಿಯ ಒತ್ತಡದ ಇಷ್ಟು ಸಣ್ಣ ಏರಿಳಿತ ಅದಕ್ಕೆ ತಟ್ಟುವುದೇ ಇಲ್ಲ.

ಒಂದು ಸಣ್ಣ ಸ್ಟೀಲ್ ಲೋಟದಲ್ಲಿ 200 ಗ್ರಾಂ ಶುದ್ಧ ತವರ ತೆಗೆದುಕೊಳ್ಳಿ (ಲೋಟ ಮತ್ತೆ ಅಡುಗೆಮನೆಗೆ ಹೋಗಬಾರದು). ಹಾಟ್‌ಪ್ಲೇಟ್ ಮೇಲೆ 280 ಡಿಗ್ರಿವರೆಗೆ ಕಾಯಿಸಿ. ಥರ್ಮೋಕಪಲ್ ತುದಿ ದ್ರವದ ನಡುವೆ, ತಳಕ್ಕೆ ತಾಗದಂತೆ ಇರಲಿ. ಬಿಸಿ ಆರಿಸಿ, ಲೋಟವನ್ನು ಒಣ ಇಟ್ಟಿಗೆಯ ಮೇಲೆ ಇಟ್ಟು, ಪ್ರತಿ ಹತ್ತು ಸೆಕೆಂಡಿಗೆ ಒಮ್ಮೆ ಮೀಟರ್ ಓದಿ ಬರೆಯುತ್ತ ಹೋಗಿ.

260, 255, 250 ಎಂದು ಇಳಿಯುತ್ತದೆ. 232 ಬಂದಾಗ ನಿಲ್ಲಬೇಕಿತ್ತು, ಆದರೆ ನಿಲ್ಲದೆ 225ಕ್ಕೋ 220ಕ್ಕೋ ಜಾರಬಹುದು. ಲೋಹ ಇನ್ನೂ ಕನ್ನಡಿಯಂತೆ ದ್ರವವಾಗೇ ಇರುತ್ತದೆ. ಇದ್ದಕ್ಕಿದ್ದಂತೆ ಮೀಟರ್ ಮೇಲಕ್ಕೆ ನೆಗೆದು 232ಕ್ಕೆ ಬಂದು ಅಲ್ಲೇ ಕೂರುತ್ತದೆ. ಗಾಬರಿ ಬೇಡ, ಯಾವ ತಂತಿಯೂ ಸಡಿಲಾಗಿಲ್ಲ. ಶುದ್ಧ ತವರದಲ್ಲಿ ಮೊದಲ ಹರಳು ಹುಟ್ಟಲು ತಡವಾಗುತ್ತದೆ. ಹುಟ್ಟಿದ ಕೂಡಲೇ ಅಡಗಿದ್ದ ಶಾಖ ಹೊರಬಂದು ತಾಪಮಾನವನ್ನು ಮೇಲಕ್ಕೆ ತಳ್ಳುತ್ತದೆ. ಈ ಅಡಗಿದ ಶಾಖಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಸಾಲು ಮುರಿಯಲು ಖರ್ಚಾಗುವ, ಸಾಲು ಕಟ್ಟುವಾಗ ವಾಪಸ್ ಬರುವ ಶಾಖ ಅದು. ತವರಕ್ಕೆ ಕಿಲೋಗೆ ಸುಮಾರು 60 ಕಿಲೋಜೂಲ್. ನಿಮ್ಮ 200 ಗ್ರಾಂನಲ್ಲಿ 12 ಕಿಲೋಜೂಲ್ ಇದೆ. ಲೋಟ ಸೆಕೆಂಡಿಗೆ 40 ಜೂಲ್ ಕಳೆದುಕೊಳ್ಳುತ್ತಿದ್ದರೆ ಐದು ನಿಮಿಷ ಮೀಟರ್ ಕದಲುವುದಿಲ್ಲ.

ಆ ಸಮತಟ್ಟಿನಲ್ಲಿ ಮೀಟರ್ ಏನು ತೋರಿಸುತ್ತದೋ ಅದರಿಂದ 231.9 ಕಳೆದರೆ ನಿಮ್ಮ ಮೀಟರಿನ ತಪ್ಪು ಎಷ್ಟೆಂದು ಸಿಕ್ಕಿತು. ಸಾಧಾರಣ ಕೆ-ಟೈಪ್‌ಗೆ 2.2 ಡಿಗ್ರಿ ಅಥವಾ ಓದಿನ ಶೇ 0.75, ಯಾವುದು ಹೆಚ್ಚೋ ಅಷ್ಟು ಆಚೀಚೆ ಸಹಜ. 660ರಲ್ಲಿ ಅದು 5 ಡಿಗ್ರಿ ಆಯಿತು. ತಪ್ಪು ಇದಕ್ಕಿಂತ ಹೆಚ್ಚಿದ್ದರೆ ತಂತಿಯ ಜೋಡಣೆ ನೋಡಿ.

ಸಮತಟ್ಟು ಬರದೆ ಸುಮ್ಮನೆ ನಿಧಾನವಾಗಿ ಜಾರುತ್ತಲೇ ಹೋದರೆ ನಿಮಗೆ ಸಿಕ್ಕಿರುವುದು ಶುದ್ಧ ತವರವಲ್ಲ.

ಹಂತ 3: ಮಿಶ್ರಲೋಹಕ್ಕೆ ಎರಡು ಅಂಕಿ

ಐಸ್‌ಗೆ ಉಪ್ಪು ಬೆರೆಸಿದರೆ ಸೊನ್ನೆಗಿಂತ ಕೆಳಗೂ ನೀರಾಗಿ ಇರುತ್ತದಲ್ಲ, ಲೋಹಗಳಲ್ಲೂ ಅದೇ ಕಥೆ. ತವರ 232, ಸೀಸ 327; ಎರಡನ್ನೂ 63ಕ್ಕೆ 37ರಂತೆ ಬೆರೆಸಿದರೆ 183ಕ್ಕೇ ಕರಗುತ್ತದೆ, ಎರಡಕ್ಕಿಂತಲೂ ಕಡಿಮೆ. ಬೇರೆ ಗಾತ್ರದ ಪರಮಾಣುಗಳು ಒಂದರ ಸಾಲಿನಲ್ಲಿ ಇನ್ನೊಂದು ಸರಿಯಾಗಿ ಕೂರಲಾರವು, ದ್ರವದಲ್ಲಾದರೆ ಆರಾಮಾಗಿ ಬೆರೆಯುತ್ತವೆ. ಹಾಗಾಗಿ ದ್ರವಸ್ಥಿತಿಯ ಕಡೆಗೆ ತಕ್ಕಡಿ ವಾಲುತ್ತದೆ. ಅತಿ ಕಡಿಮೆ ತಾಪಮಾನದಲ್ಲಿ ಕರಗುವ ಆ ನಿರ್ದಿಷ್ಟ ಪ್ರಮಾಣಕ್ಕೆ ಯೂಟೆಕ್ಟಿಕ್ ಎನ್ನುತ್ತಾರೆ.

ಆ ಪ್ರಮಾಣ ಬಿಟ್ಟು ಬೇರೆ ಯಾವ ಪ್ರಮಾಣವಾದರೂ ಕರಗುವುದು ಒಂದು ಬಿಂದುವಿನಲ್ಲಲ್ಲ, ಒಂದು ಹರವಿನಲ್ಲಿ. ಕರಗಲು ಶುರುವಾಗುವ ಅಂಕಿ ಒಂದು, ಪೂರ್ತಿ ಕರಗಿ ಮುಗಿಯುವ ಅಂಕಿ ಇನ್ನೊಂದು. ನಡುವೆ ಅಂಬಲಿಯ ಸ್ಥಿತಿ. 60 ಪಾಲು ತವರ, 40 ಪಾಲು ಸೀಸವಿರುವ 60/40 ಸೋಲ್ಡರ್ 183ರಿಂದ ಸುಮಾರು 190ರವರೆಗೆ ಅಂಬಲಿ. ಆ ಹೊತ್ತಲ್ಲಿ ವೈರ್ ಅಲುಗಿದರೆ ಬೆಸುಗೆ ಮಂಕಾಗಿ, ಒರಟಾಗಿ, ಒಳಗೆ ಬಿರುಕುಬಿಟ್ಟು ಕೂರುತ್ತದೆ. ಕಲಿಯುವವರು 63/37 ತೆಗೆದುಕೊಳ್ಳಲಿ, ಅದು ಫಟ್ಟನೆ ಗಟ್ಟಿಯಾಗುತ್ತದೆ. ಸೀಸವಿಲ್ಲದ ಸೋಲ್ಡರ್‌ಗಳು 217ರಿಂದ 227ರ ಆಸುಪಾಸಿನವು, ಹಾಗಾಗಿ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನು ಒಂದಿಷ್ಟು ಏರಿಸಿಕೊಳ್ಳಬೇಕು.

ಎರಡು ಲೋಹಗಳ ಕರಗುವ ಬಿಂದುಗಳ ನಡುವಿನ ಅಂತರದ ಮೇಲೆಯೇ ಬದುಕುವ ಕಸುಬುಗಳಿವೆ. ಕಲಾಯಿಯವರು ಹಿತ್ತಾಳೆ, ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉಜ್ಜಿ ತುಕ್ಕು ಬಿಡಿಸಿ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒರೆಸುತ್ತಾರೆ. ತವರ 232ಕ್ಕೆ ನೀರಾಗುತ್ತದೆ, ತಾಮ್ರ 1085ರವರೆಗೆ ಅಲ್ಲಾಡುವುದಿಲ್ಲ. ಅಕ್ಕಸಾಲಿಗರ ಬೆಸುಗೆಯೂ ಹಾಗೆಯೇ: ಒಡವೆಗಿಂತ ಮೊದಲು ಕರಗುವ ಮಿಶ್ರಣ ಬೇಕು. ಕೆಡಿಎಂ ಎಂಬ ಹೆಸರು ಬಂದದ್ದು ಬೆಸುಗೆಯ ಕರಗುವ ಬಿಂದು ಇಳಿಸಲು ಬೆರೆಸುತ್ತಿದ್ದ ಕ್ಯಾಡ್ಮಿಯಂನಿಂದ. ಅದು 321ಕ್ಕೆ ಕರಗಿ 767ಕ್ಕೆ ಕುದಿಯುತ್ತದೆ. ಊದುಕೊಳವೆಯ ಬೆಂಕಿಗೆ ಅದರ ಹೊಗೆ ಎದ್ದು ಕುಶಲಕರ್ಮಿಯ ಶ್ವಾಸಕೋಶ, ಮೂತ್ರಪಿಂಡಕ್ಕೆ ಹೋಗುತ್ತದೆ. ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಹಂತ 4: ಅಲ್ಯೂಮಿನಿಯಂ

ಕಚ್ಚಾ ಸಾಮಾನಿಗೆ ಪಿಸ್ಟನ್, ಎಂಜಿನ್ ಕವರ್, ಅಲಾಯ್ ಚಕ್ರದಂಥ ಎರಕದ ಗುಜರಿ ಆರಿಸಿ. ಇವುಗಳಲ್ಲಿ ಸಿಲಿಕಾನ್ ಬೆರೆತಿರುತ್ತದೆ. ಶೇ 12–13 ಸಿಲಿಕಾನ್ ಇದ್ದರೆ 577ಕ್ಕೇ ಕರಗಿ ನೀರಿನಂತೆ ಹರಿಯುತ್ತದೆ. ಕಿಟಕಿಯ ಚೌಕಟ್ಟಿನ ಸೆಕ್ಷನ್ ಕರಗುತ್ತದೆ, ಆದರೆ ಅಚ್ಚಿನ ಮೂಲೆಗಳಿಗೆ ಹರಿಯುವುದಿಲ್ಲ. ತಂಪುಪಾನೀಯದ ಕ್ಯಾನ್ ಅಂತೂ ಬೇಡವೇ ಬೇಡ: ತೆಳು ಹಾಳೆ, ಮೇಲೆ ಬಣ್ಣ, ಒಳಗೆ ಪ್ಲಾಸ್ಟಿಕ್ ಲೇಪ; ಹಾಕಿದ್ದರಲ್ಲಿ ದೊಡ್ಡ ಪಾಲು ಕಿಟ್ಟವಾಗುತ್ತದೆ.

ಹೊಸ ಮೂಸೆಯನ್ನು ಖಾಲಿ ಇಟ್ಟು ಮೊದಲು 200 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ನಿಧಾನಕ್ಕೆ ಕೆಂಪಗೆ ಕಾಯಿಸಿ ಆರಿಸಿಕೊಳ್ಳಿ. ತುಂಡುಗಳನ್ನು ಒಳಗೆ ಗಿಡಿದು ತುಂಬಬೇಡಿ. ಅಲ್ಯೂಮಿನಿಯಂ ಮೂಸೆಗಿಂತ ಹೆಚ್ಚು ಹಿಗ್ಗುತ್ತದೆ, ಮೂಸೆ ಸೀಳುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದು ಕಿಲೋ ಅಲ್ಯೂಮಿನಿಯಂ ಅನ್ನು ಕೋಣೆಯ ಬಿಸಿಯಿಂದ 660ಕ್ಕೆ ಒಯ್ಯಲು ಸುಮಾರು 650 ಕಿಲೋಜೂಲ್ ಬೇಕು. ಅಲ್ಲಿಂದ ಒಂದು ಡಿಗ್ರಿಯೂ ಏರಿಸದೆ ಬರಿ ಗಟ್ಟಿಯನ್ನು ದ್ರವ ಮಾಡಲು ಇನ್ನೂ 400 ಬೇಕು. ಅಂದರೆ ಅಷ್ಟು ಹೊತ್ತು ಕಾಯಿಸಿದ್ದರ ಅರ್ಧಕ್ಕೂ ಹೆಚ್ಚು ಕೆಲಸ ಬಾಕಿ. ಕುಲುಮೆಯ ಗೋಡೆ 680 ಇರಬಹುದು. ಲೋಹಕ್ಕೂ ಗೋಡೆಗೂ ವ್ಯತ್ಯಾಸ ಕೇವಲ 20 ಡಿಗ್ರಿ ಇದ್ದರೆ ಆ ಶಾಖ ಹರಿಯಲು ಗಂಟೆಗಳೇ ಬೇಕು. ಗೋಡೆಯನ್ನು 850–900ಕ್ಕೆ ಏರಿಸಿ.

ಇನ್ನೊಂದು ಕಣ್ಕಟ್ಟು ಇದೆ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆ 2072 ಡಿಗ್ರಿಗೆ ಕರಗುವಂಥದ್ದು. ಒಳಗೆ ಲೋಹ ನೀರಾಗಿದ್ದರೂ ತುಂಡು ತನ್ನ ಆಕಾರದಲ್ಲೇ, ಸುಕ್ಕುಗಟ್ಟಿದ ಚೀಲದಂತೆ ನಿಂತಿರುತ್ತದೆ. ಬಿಸಿ ಮಾಡಿದ ಉಕ್ಕಿನ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಪೊರೆ ಹರಿದು ಒಳಗಿಂದ ಬೆಳ್ಳಿಯಂಥ ದ್ರವ ಜಾರುತ್ತದೆ. ಬಣ್ಣ ನೋಡಿ ನಿರ್ಧರಿಸಲೂ ಆಗದು: ಕಬ್ಬಿಣ, ತಾಮ್ರ ಕೆಂಪಗೆ, ಹಳದಿಗೆ ತಿರುಗಿ ಮುನ್ಸೂಚನೆ ಕೊಡುತ್ತವೆ, ಅಲ್ಯೂಮಿನಿಯಂ ಹಗಲು ಬೆಳಕಿನಲ್ಲಿ ಬೆಳ್ಳಗೇ ಇದ್ದು ಕುಸಿಯುತ್ತದೆ. ಒಲೆಯ ಮೇಲೆ ಮರೆತು ನೀರಾರಿದ ಅಲ್ಯೂಮಿನಿಯಂ ಪಾತ್ರೆಯ ತಳ ಹೇಳದೆ ಕೇಳದೆ ಕಳಚಿ ಬೀಳುವುದೂ ಇದಕ್ಕೇ.

ಮೂಸೆಗೆ ಬದಲು ಕಬ್ಬಿಣದ ಡಬ್ಬಿ ಸಾಲದೇ, ಅದು 1500 ದಾಟದೆ ಕರಗುವುದಿಲ್ಲವಲ್ಲ ಎನ್ನುವವರಿಗೆ: ಇಲ್ಲಿ ನಮ್ಮ ಭಾಷೆಯೇ ದಾರಿ ತಪ್ಪಿಸುತ್ತದೆ. ಬೆಂಕಿಗೆ ಬೆಣ್ಣೆ ನೀರಾದರೂ 'ಕರಗಿತು', ಚಹಾದಲ್ಲಿ ಸಕ್ಕರೆ ಮಾಯವಾದರೂ 'ಕರಗಿತು'. ಎರಡನೆಯದಕ್ಕೆ ಸಕ್ಕರೆಯ ಕರಗುವ ಬಿಂದು ಮುಟ್ಟಬೇಕಾಗಿಲ್ಲ. ದ್ರವ ಅಲ್ಯೂಮಿನಿಯಂನಲ್ಲಿ ಕಬ್ಬಿಣ ಚಹಾದಲ್ಲಿನ ಸಕ್ಕರೆಯಂತೆ ಕರಗುತ್ತದೆ. ಕೆಲವು ಸಲ ಬಳಸಿದ ಮೇಲೆ ತೆಳು ಡಬ್ಬಿಯ ತಳ ತೂತಾಗಿ ಕಿಲೋಗಟ್ಟಲೆ ದ್ರವ ಬೆಂಕಿಗೆ ಸುರಿಯುತ್ತದೆ. ಕಬ್ಬಿಣ ಬೆರೆತ ಎರಕವೂ ಪೆಡಸು. ಸೋಲ್ಡರಿಂಗ್ ಐರನ್ನಿನ ಬರಿ ತಾಮ್ರದ ತುದಿ ಸವೆಯುವುದೂ ಹೀಗೇ. ಬೀದರಿನ ಬಿದರಿ ಕೆಲಸಕ್ಕೆ ಬೇಕಾದ, ಸತುವೇ ಬಹುಪಾಲಾಗಿ ಅಲ್ಪ ತಾಮ್ರವಿರುವ ಮಿಶ್ರಲೋಹದಲ್ಲಿ ತಾಮ್ರ ತನ್ನ 1085 ಮುಟ್ಟದೆಯೇ ಸತುವಿನಲ್ಲಿ ಬೆರೆಯಬಲ್ಲದ್ದೂ ಇದೇ ಗುಣದಿಂದ.

ಹಂತ 5: ಹೊಯ್ಯುವುದು

ಕರಗುವ ಬಿಂದುವಿನಲ್ಲೇ ಹೊಯ್ದರೆ ಅಚ್ಚು ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಪೂರ್ತಿ ಕರಗುವ ಅಂಕಿಗಿಂತ 50ರಿಂದ 100 ಡಿಗ್ರಿ ಹೆಚ್ಚಿಗೆ ಕಾಯಿಸಿ. ಅಲ್ಯೂಮಿನಿಯಂಗೆ 700ರಿಂದ 740. ತೆಳು ಎರಕಕ್ಕೆ ಮೇಲಿನ ತುದಿ, ದಪ್ಪಕ್ಕೆ ಕೆಳಗಿನದು. ಇರಲಿ ಎಂದು 800 ಮಾಡಬೇಡಿ. ಬಿಸಿ ಏರಿದಷ್ಟೂ ದ್ರವ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದನ್ನು ಇಟ್ಟುಕೊಳ್ಳಲಾರದೆ ಹೊರಹಾಕುತ್ತದೆ. ಕತ್ತರಿಸಿ ನೋಡಿದರೆ ಎರಕದ ತುಂಬ ಸಾಸಿವೆ ಗಾತ್ರದ ತೂತು.

ಹೊಯ್ಯುವ ಮುನ್ನ ಕಿಟ್ಟವನ್ನು ಒಮ್ಮೆ ಮಾತ್ರ, ಮೆಲ್ಲಗೆ ಬದಿಗೆ ಸರಿಸಿ ತೆಗೆಯಿರಿ. ಕಲಕಿದಷ್ಟೂ ಹೊಸ ಕಿಟ್ಟ. ದ್ರವವನ್ನು ಮುಟ್ಟುವ ಸೌಟು, ಕಡ್ಡಿ, ನಂತರ ಸೇರಿಸುವ ಗುಜರಿ ತುಂಡು ಎಲ್ಲವನ್ನೂ ಕುಲುಮೆಯ ಬಾಯಿಯ ಬಳಿ ಹತ್ತು ನಿಮಿಷ ಇಟ್ಟು ಒಣಗಿಸಿಕೊಂಡೇ ಇಳಿಸಿ. ನೀರು ಆವಿಯಾದಾಗ 1600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಸೌಟಿನ ಮೇಲಿನ ಒಂದು ಹನಿ ದ್ರವಲೋಹದ ಕೆಳಗೆ ಸಿಕ್ಕಿಕೊಂಡರೆ ಮೂಸೆಯಲ್ಲಿರುವುದೆಲ್ಲ ಮುಖದ ಮೇಲಿರುತ್ತದೆ. ಮಳೆಗಾಲದಲ್ಲಿ ಹೊರಗೆ ಈ ಕೆಲಸ ಬೇಡ.

ಹಂತ 6: ತಾಮ್ರ, ಕಂಚು, ಹಿತ್ತಾಳೆ

"ಇಪ್ಪತ್ತು ನಿಮಿಷದಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ತಾಮ್ರ ಎರಡು ಗಂಟೆಯಾದರೂ ಇಲ್ಲ." ಗ್ಯಾಸ್ ಒಲೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಿಸಿ ವಸ್ತು ಸುತ್ತಲೂ ಶಾಖ ಚೆಲ್ಲುತ್ತದೆ, ಆ ಚೆಲ್ಲುವಿಕೆ ನಿರಪೇಕ್ಷ ತಾಪಮಾನದ ನಾಲ್ಕನೇ ಘಾತದಲ್ಲಿ ಏರುತ್ತದೆ. ನಿರಪೇಕ್ಷ ತಾಪಮಾನ ಎಂದರೆ ಸೆಲ್ಸಿಯಸ್‌ಗೆ 273 ಕೂಡಿಸಿದ್ದು. ಅಲ್ಯೂಮಿನಿಯಂಗೆ 933, ತಾಮ್ರಕ್ಕೆ 1358; ಒಂದೂವರೆ ಪಟ್ಟು ಹತ್ತಿರ. ನಾಲ್ಕು ಸಲ ಗುಣಿಸಿ, ನಾಲ್ಕೂವರೆ ಪಟ್ಟು ಆಯಿತು. ಕಬ್ಬಿಣಕ್ಕೆ ಬಂದರೆ 14 ಪಟ್ಟು. ಜ್ವಾಲೆ 1900 ಇದ್ದರೂ ತೆರೆದ ಒಲೆಯ ಮೇಲಿನ ಕಾವಲಿ ಕೆಲವು ನೂರು ಡಿಗ್ರಿಯಲ್ಲೇ ಬಂದದ್ದನ್ನೆಲ್ಲ ಹೊರಗೆ ಚೆಲ್ಲುತ್ತಿರುತ್ತದೆ. ಹಾಗಾಗಿ ತಾಮ್ರಕ್ಕೆ ಇನ್ನಷ್ಟು ಗ್ಯಾಸ್ ಸುರಿಯುವ ಮುಂಚೆ ಗೋಡೆ ದಪ್ಪ ಮಾಡಿ, ಮುಚ್ಚಳ ಹಾಕಿ, ಬಾಯಿ ಕಿರಿದು ಮಾಡಿ. ಸೆರಾಮಿಕ್ ಉಣ್ಣೆ ಬಳಸಿದರೆ ಮೇಲೆ ಬೆಂಕಿ ಗಾರೆ ಬಳಿಯಿರಿ, ಅದರ ಎಳೆ ಶ್ವಾಸಕ್ಕೆ ಹೋಗಬಾರದು.

ಕಲಿಯಲು ತಾಮ್ರಕ್ಕಿಂತ ಕಂಚು ವಾಸಿ. ಹತ್ತಕ್ಕೆ ಒಂದು ಪಾಲು ತವರವಿದ್ದರೆ ಸುಮಾರು 1000ಕ್ಕೇ ಪೂರ್ತಿ ದ್ರವ. ಮೇಲೆ ಇದ್ದಿಲ ಪುಡಿ ಮುಚ್ಚಿ, ಕೊನೆಗೆ ಒಂದು ಚಿಟಿಕೆ ಬಿಳಿಗಾರ ಹಾಕಿದರೆ ಕಿಟ್ಟ ಗಾಜಿನಂತೆ ಒಟ್ಟಾಗುತ್ತದೆ. ಬಿಳಿಗಾರ ಅತಿಯಾದರೆ ಮೂಸೆಯನ್ನೇ ತಿನ್ನುತ್ತದೆ.

ಹಿತ್ತಾಳೆಯ ವಿಷಯದಲ್ಲಿ ಹುಷಾರು. ಅದು 900–940ರ ಸುಮಾರಿಗೆ ಕರಗುತ್ತದೆ, ಅದರೊಳಗಿನ ಸತು ಕುದಿಯುವುದು 907ಕ್ಕೆ. ತಾಮ್ರದೊಡನೆ ಬೆರೆತಿರುವುದರಿಂದ ಎಲ್ಲವೂ ಒಮ್ಮೆಗೆ ಹಾರುವುದಿಲ್ಲ, ಆದರೆ ಮೂಸೆಯ ಬಾಯಲ್ಲಿ ಹಸಿರು-ಬಿಳಿ ಜ್ವಾಲೆ, ಸುತ್ತ ಅರಳೆಯಂಥ ಬಿಳಿ ಪುಡಿ ತೇಲಿದರೆ ಸತು ಹೋಗುತ್ತಿದೆ ಎಂದರ್ಥ. ರಾಜಸ್ಥಾನದ ಜಾವರ್‌ನಲ್ಲಿ ಹಿಂದಿನವರು ಸತುವನ್ನು ಆವಿಯಾಗಿಯೇ ಇಳಿಸಿ, ತಂಪು ಮಾಡಿ ಹಿಡಿಯುತ್ತಿದ್ದರು. ನೀವು ಹಿಡಿಯುವುದು ಮೂಗಿನಲ್ಲಿ. ಸಂಜೆಯ ಹೊತ್ತಿಗೆ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಉಸಿರು ಕಟ್ಟಿದಂತಾದರೆ ವೈದ್ಯರ ಬಳಿ ಹೋಗಿ. ವೆಲ್ಡಿಂಗ್ ಶಾಪ್‌ಗಳಲ್ಲಿ ಹಾಲು ಕುಡಿದರೆ ತಟ್ಟುವುದಿಲ್ಲ ಎಂಬ ನಂಬಿಕೆ ಇದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕರಗಿದ ಕೂಡಲೇ ಹೊಯ್ದುಬಿಡಿ.

ಸೀಸದ ಹೊಗೆಗೆ ಹೀಗೆ ಜ್ವರದ ಮುನ್ಸೂಚನೆಯೂ ಇಲ್ಲ, ಸದ್ದಿಲ್ಲದೆ ಮೈಯಲ್ಲಿ ಕೂಡುತ್ತ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಸೀಸ ಕರಗಿಸಲೇಬೇಡಿ.

ಹಂತ 7: ಕಬ್ಬಿಣ, ಮತ್ತು ಉಳಿದ ದ್ರವ

ಕಬ್ಬಿಣ 1538. ಶೇ 4.3 ಇಂಗಾಲ ಸೇರಿದರೆ ಸುಮಾರು 1150ಕ್ಕೆ ಇಳಿಯುತ್ತದೆ; ಬೀಡು ಕಬ್ಬಿಣ ಅಗ್ಗವಾಗಿ ಎರಕವಾಗುವುದು, ಉಕ್ಕು ಅಷ್ಟು ಸುಲಭಕ್ಕೆ ಬಗ್ಗದಿರುವುದು ಈ ಅಂತರದಿಂದ. 1150 ಕೇಳಲು ಹತ್ತಿರವೆನಿಸುತ್ತದೆ, ಆದರೆ ಹೊಯ್ಯಲು 1300 ದಾಟಬೇಕು. ಅಲ್ಲಿಗೆ ಕೆ-ಟೈಪ್ ಥರ್ಮೋಕಪಲ್‌ನ ಮಿತಿಯೂ ಮುಗಿಯಿತು, ಸಣ್ಣ ಇದ್ದಿಲ ಕುಲುಮೆಯ ಮಿತಿಯೂ ಮುಗಿಯಿತು. ಬೀಡು ಎರಕ ಬೇಕಿದ್ದರೆ ಪಡಿಯಚ್ಚು ಮಾಡಿಕೊಂಡು ಬೆಳಗಾವಿಯಂಥ ಊರಿನ ಫೌಂಡ್ರಿಗೆ ಕೊಡುವುದೇ ಲಾಭ.

ಹೊಯ್ದು ಉಳಿದದ್ದನ್ನು ಮೂಸೆಯಲ್ಲೇ ಹೆಪ್ಪುಗಟ್ಟಲು ಬಿಡಬೇಡಿ, ಮುಂದಿನ ಸಲ ಅದು ಹಿಗ್ಗಿ ಮೂಸೆ ಒಡೆಯುತ್ತದೆ. ಮೊದಲೇ ಕಾಯಿಸಿಟ್ಟ ಕಬ್ಬಿಣದ ತಟ್ಟೆಗೆ ಗಟ್ಟಿಗಳಾಗಿ ಸುರಿಯಿರಿ. ಆರಿದ ಮೇಲೆ ಪಂಚ್‌ನಿಂದ ಯಾವ ಗುಜರಿಯಿಂದ ಬಂದದ್ದು, ಎಷ್ಟು ಡಿಗ್ರಿಗೆ ಪೂರ್ತಿ ಕರಗಿತು ಎಂದು ಅದರ ಮೇಲೆಯೇ ಗುದ್ದಿಡಿ. ಆರು ತಿಂಗಳ ನಂತರ ಬೆಳ್ಳಗಿನ ಗಟ್ಟಿಗಳೆಲ್ಲ ಒಂದೇ ಥರ ಕಾಣುತ್ತವೆ.